ಸೀಮೆಸುಣ್ಣದ ಕೋಣೆ

ಚಹಾಕ್ಕೆ ಎರಡು ಸಲ ಸಕ್ಕರೆ ಬಿದ್ದಿದೆ ಎಂದು ಅವಳಿಗೆ ಗೊತ್ತಾದದ್ದು, ಅತ್ತೆ ಒಂದು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಇವತ್ತು ಯಾರ ಮದುವೇನಮ್ಮಾ?" ಎಂದು ಕೇಳಿದಾಗ. ನಾಚಿಕೆಯಾಯಿತು. ಯಾರ ಮದುವೆಯೂ ಇರಲಿಲ್ಲ. ತಾರಸಿಯ ಮೇಲೆ ಒಂದು ಕೋಣೆ ಕಟ್ಟಿಕೊಳ್ಳಲು ಅನುಮತಿ ಬೇಕೆಂದು ಹಾಕಿದ ಅರ್ಜಿ ಕಚೇರಿಯ ಮೇಜಿನಿಂದ ಮೇಜಿಗೆ ಅಲೆದು ಅಲೆದು, ಇವತ್ತು ಜಾಗ ನೋಡಲು ಎಂಜಿನಿಯರ್ ಬರುತ್ತಾರೆ ಎಂಬಲ್ಲಿಗೆ ಬಂದು ನಿಂತಿತ್ತು, ಅಷ್ಟೆ. ಅಷ್ಟೆ, ಅಷ್ಟೆ ಎಂದು ಅವಳು ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಷ್ಟೂ ಎದೆ ಡವಡವ ಎನ್ನುತ್ತಿತ್ತು. ಶಾಲೆಗೆ ಫೋನು ಮಾಡಿ ಹೊಟ್ಟೆನೋವು ಎಂದು ಸುಳ್ಳು ಹೇಳಿದ್ದಳು. ಹೆಡ್‌ಮಿಸ್ಸು "ಬಿಸಿನೀರು ಕುಡಿದು ಮಲಗಮ್ಮ, ಇಲ್ಲೀದು ನಾವು ನೋಡ್ಕೋತೀವಿ" ಎಂದು ಅಕ್ಕರೆಯಿಂದ ಹೇಳಿದಾಗ ಹೊಟ್ಟೆಯಲ್ಲಿ ನಿಜವಾಗಿಯೇ ಏನೋ ತಿರುಚಿದ ಹಾಗಾಗಿತ್ತು. ಮೂರನೇ ತರಗತಿಯ ಮಕ್ಕಳು ಈಗ ಏನು ಗದ್ದಲ ಮಾಡುತ್ತಿವೆಯೋ. ಮಾಡಲಿ. ಗಂಡ ಔಷಧಿ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂತರೆ ಸುಕ್ಕಾಗುತ್ತದೆಂದು ನಿಂತೇ ಇದ್ದ. ಅವನ ಕೈಯಲ್ಲಿ ನಕ್ಷೆಯ ಸುರುಳಿ. ಅದನ್ನು ಬಿಚ್ಚುವುದು, ಸುತ್ತುವುದು, ಮತ್ತೆ ಒಂದು ಕಣ್ಣಿಗೆ ಹಿಡಿದು ಅದರೊಳಗಿಂದ ಗೋಡೆ ನೋಡುವುದು. "ರೀ, ಅದು ಹರಿದುಹೋಗತ್ತೆ" ಎಂದಳು. "ಇನ್ನೆರಡು ಪ್ರತಿ ಇದೆ" ಎಂದ ಅವನು, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಗಿರಾಕಿಗೆ ಹೇಳುವ ದನಿಯಲ್ಲಿ. ಗಾಬರಿಯಾದಾಗಲೆಲ್ಲ ಅವನಿಗೆ ಆ ದನಿ ಬರುತ್ತಿತ್ತು.

ಮನೆಯೆಂದರೆ ಒಂದು ನಡುಮನೆ, ಅದರ ಹಿಂದೆ ಅಡುಗೆಮನೆ, ಪಕ್ಕಕ್ಕೆ ಒಂದೇ ಒಂದು ಕೋಣೆ. ಕೋಣೆ ಅತ್ತೆಯದು. ಮನೆಯೂ ಅತ್ತೆಯ ಹೆಸರಿನಲ್ಲೇ ಇತ್ತು, ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಗಂಡ ಹೆಂಡತಿಯದು ನಡುಮನೆಯ ಮೂಲೆ, ಹಳದಿ ಹೂವಿನ ಪರದೆಯ ಹಿಂದೆ. ಮದುವೆಯಾಗಿ ಬಂದ ವಾರದಲ್ಲಿ 'ಸದ್ಯಕ್ಕೆ' ಎಂದು ಕಟ್ಟಿದ ಪರದೆ. ಬಣ್ಣ ಮಾಸಿ ಬಟ್ಟೆ ಬದಲಾಯಿತು, ಸದ್ಯ ಮಾತ್ರ ಮುಗಿಯಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ಅತ್ತೆ ನಡುಮನೆಯನ್ನು ದಾಟಲೇಬೇಕು. ದಾಟುವ ಮೊದಲು ಕೋಣೆಯೊಳಗಿಂದಲೇ ಒಂದು ಸಲ ಕೆಮ್ಮುತ್ತಿದ್ದರು. ನೆಗಡಿಯಿಲ್ಲದ, ಕಫವಿಲ್ಲದ ಕೆಮ್ಮು. ಅದು ಕೇಳಿಸಿದ ಕೂಡಲೆ ಪರದೆಯ ಹಿಂದೆ ಇಬ್ಬರೂ ಉಸಿರು ಬಿಗಿಹಿಡಿದು, ಏನೂ ಮಾಡುತ್ತಿರದಿದ್ದರೂ ಕಳ್ಳರ ಹಾಗೆ ಬಿದ್ದುಕೊಂಡಿರುತ್ತಿದ್ದರು. ಅತ್ತೆ ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಬೈಯುವವರಲ್ಲ, ಹಂಗಿಸುವವರಲ್ಲ. ಅವಳು ಜ್ವರದಲ್ಲಿ ಮಲಗಿದ್ದಾಗ ಗಂಟುಗಟ್ಟಿದ ಕೂದಲನ್ನು ಎಳೆಎಳೆಯಾಗಿ ಬಿಡಿಸಿ ಬಾಚಿದವರು. ಆ ಒಳ್ಳೆಯತನವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಒದ್ದಾಡುತ್ತಿದ್ದಳು. ಬಂಧುಗಳ ಮನೆಯಲ್ಲಿ "ಇನ್ನೂ ಏನೂ ವಿಶೇಷ ಇಲ್ವಾ?" ಎಂದು ಹೊಟ್ಟೆಯ ಕಡೆ ಕಣ್ಣು ಹಾಯಿಸಿ ಕೇಳುವವರಿಗೆ ನಕ್ಕು ಸುಮ್ಮನಾಗುತ್ತಿದ್ದಳು. ಡಾಕ್ಟರು ಇಬ್ಬರಲ್ಲೂ ಏನೂ ಕೊರತೆಯಿಲ್ಲ ಎಂದಿದ್ದರು. ಪರದೆಯ ವಿಷಯ ಡಾಕ್ಟರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೇಲೆ ಕೋಣೆ ಕಟ್ಟಿಸುವ ಮಾತನ್ನು ಎತ್ತಿದ್ದು ಅವಳೇ. ಗಂಡ "ಯೋಚನೆ ಮಾಡಿ ಹೇಳ್ತೀನಿ" ಎಂದ. ಅವನು ಎಲ್ಲದಕ್ಕೂ ಹಾಗೇ. ಯೋಚನೆ ಮಾಡಿ ಹೇಳುತ್ತೇನೆ ಎಂದು ಬದಿಗಿಟ್ಟ ಮಾತುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಅದೇ ಒಂದು ಮಹಡಿಯಾಗುತ್ತಿತ್ತು. ಕೊನೆಗೆ ಅವಳೇ ನಕ್ಷೆ ಬರೆಯುವವನನ್ನು ಹುಡುಕಿದಳು. ಅವನು ಬರೆದುಕೊಟ್ಟ ಕಾಗದದಲ್ಲಿ ಕೋಣೆ ಬೆಂಕಿಪೊಟ್ಟಣದಷ್ಟಿತ್ತು. ಎಷ್ಟು ನೋಡಿದರೂ ಅವಳಿಗೆ ಏನೂ ಹೊಳೆಯಲಿಲ್ಲ. ಮಕ್ಕಳಿಗೆ ಅಡಿ, ಅಂಗುಲ, ಗಜ ಎಂದು ಉರು ಹೊಡೆಸುವವಳಿಗೆ, ಹತ್ತು ಅಡಿ ಅಂದರೆ ಅದರಲ್ಲಿ ತಾನು ಎಷ್ಟು ಹೆಜ್ಜೆ ಓಡಾಡಬಹುದು ಎಂಬುದೇ ಗೊತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗುವಾಗ ಬ್ಯಾಗಿನ ತಳದಲ್ಲಿದ್ದ ಸೀಮೆಸುಣ್ಣದ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಶಾಲೆಯ ಸೀಮೆಸುಣ್ಣ. ಮನೆಗೆ ತರಬಾರದು. ಕಾಗದವನ್ನು ಕಾಲಡಿಯಲ್ಲಿಟ್ಟುಕೊಂಡು, ಟೇಪು ಹಿಡಿದು, ಮೊಣಕಾಲೂರಿ ನಾಲ್ಕು ಗೋಡೆ ಎಳೆದಳು. ಬಾಗಿಲಿಗೆ ಜಾಗ ಬಿಟ್ಟಳು. ಬೀದಿಯ ಕಡೆ ಕಿಟಕಿಗೆ ಎರಡು ಗೆರೆ. ಎದ್ದು ನಿಂತು, ಬಾಗಿಲಿನಿಂದ ಒಳಗೆ ಹೋದಳು. ಹೋದಳು ಅಷ್ಟೆ, ಮೇಲೆ ಆಕಾಶ ಇತ್ತು, ಪಕ್ಕದ ಮನೆಯ ಹಗ್ಗದಲ್ಲಿ ಯಾರದೋ ಅಂಗಿಗಳು ತೂಗಾಡುತ್ತಿದ್ದವು, ಆದರೂ ಒಳಗೆ ಬಂದೆ ಎನ್ನಿಸಿ ಕಣ್ಣು ತುಂಬಿ ಬಂತು. ಬಟ್ಟೆ ತರಲು ಹೋದವಳು ಎಲ್ಲಿ ಹೋದಳೆಂದು ಹುಡುಕಿಕೊಂಡು ಬಂದ ಗಂಡ ನೇರವಾಗಿ ಅವಳ ಕಡೆ ನಡೆದು ಬಂದಾಗ, "ಗೋಡೆ, ರೀ, ಗೋಡೆ!" ಎಂದು ಕೂಗಿದಳು. ಅವನು ಬೆಚ್ಚಿ ಹಿಂದೆ ಸರಿದು ಹಣೆ ಉಜ್ಜಿಕೊಂಡ. ಆಮೇಲೆ ಸುತ್ತಿ ಬಂದು, ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಅವನಿಗೆ ತಮಾಷೆ ಬರುತ್ತದೆ ಎನ್ನುವುದನ್ನೇ ಅವಳು ಮರೆತುಬಿಟ್ಟಿದ್ದಳು.

ಆಮೇಲೆ ಅದು ಅಭ್ಯಾಸವಾಯಿತು. ಸಂಜೆ ಸ್ವಲ್ಪ ಹೊತ್ತು ಇಬ್ಬರೂ ಕೋಣೆಗೆ ಹೋಗಿ ಕೂರುವುದು. ಗೋಡೆ ದಾಟುವ ಹಾಗಿಲ್ಲ. ಕಿಟಕಿಯ ಹತ್ತಿರ ಅವಳ ಮೇಜು, ಮಕ್ಕಳ ಪುಸ್ತಕ ತಿದ್ದಲು. ಆ ಕಡೆ ಮಂಚ. ಒಂದು ದಿನ ಅವನು ಒಳಗೆ ಬಂದವನು ತಿರುಗಿ ನಿಂತು, ಗಾಳಿಯಲ್ಲಿ ಕೈಯಾಡಿಸಿ, ನಾಲಿಗೆಯಿಂದ ಟಕ್ಕೆಂದು ಸದ್ದು ಮಾಡಿದ. "ಏನದು?" "ಚಿಲಕ." ಇಬ್ಬರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಆಗಷ್ಟೇ ಪರಿಚಯವಾದವರ ಹಾಗೆ ಬಹಳ ಹೊತ್ತು ಕೂತಿದ್ದರು. ಕೆಳಗೆ ಅತ್ತೆ ಟಿವಿಯ ಮುಂದೆ ಒಬ್ಬರೇ ಇದ್ದಾರೆ ಎಂಬುದು ನೆನಪಾದಾಗ ಅವಳಿಗೆ ಕರುಳು ಚುರುಕ್ ಎಂದಿತು. ಈ ಕೋಣೆ ನಿಜವಾದ ಮೇಲೆ ಅತ್ತೆ ದಿನವೂ ಹೀಗೆಯೇ ಒಬ್ಬರೇ ಇರುತ್ತಾರೆ. ಮಂಡಿನೋವಿನವರು, ಇಲ್ಲಿಗೆ ಹತ್ತಿ ಬರುವುದು ಉಂಟೇ? ಹತ್ತಿ ಬರಲಾರರು ಎಂಬ ಯೋಚನೆಯ ಜೊತೆಗೇ ಒಂದು ಸಂತೋಷ ಬಂತು, ಅದನ್ನು ಅವಳು ನೋಡಿಯೂ ನೋಡದವಳ ಹಾಗೆ ಇದ್ದಳು. ಅಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ಒದ್ದೆ ಬಟ್ಟೆಯ ನೀರು ತೊಟ್ಟಿಕ್ಕಿ, ಕಾಲು ಸವರಿ, ಗೆರೆಗಳು ಅಳಿಸಿಹೋಗುತ್ತಿದ್ದವು. ಪ್ರತಿ ಸಲ ಹೊಸದಾಗಿ ಎಳೆಯುವಾಗ ಬೀದಿಯ ಕಡೆಯ ಗೋಡೆಯನ್ನು ಅವಳು ಒಂದು ಬೆರಳಷ್ಟು ಆಚೆಗೆ ತಳ್ಳುತ್ತಿದ್ದಳು. ಮೇಜಿನ ಮುಂದೆ ಕುರ್ಚಿ ಸಲೀಸಾಗಿ ಹಿಂದೆ ಸರಿಯಬೇಕಲ್ಲ. ಒಂದು ಬೆರಳು ಯಾರಿಗೆ ಗೊತ್ತಾಗುತ್ತದೆ? ಗಂಡನಿಗೂ ಹೇಳಲಿಲ್ಲ. ಹೀಗೆ ಕೋಣೆ ಕದ್ದು ಕದ್ದು ಬೆಳೆಯುತ್ತಿತ್ತು. ನಿನ್ನೆ ಸಂಜೆ, ಎಂಜಿನಿಯರ್ ಬರುತ್ತಾರೆ, ಚೆನ್ನಾಗಿ ಕಾಣಲಿ ಎಂದು, ಇಡೀ ತಾರಸಿ ಗುಡಿಸಿ, ಗೆರೆಗಳನ್ನು ದಪ್ಪಗೆ, ಒತ್ತಿ ಒತ್ತಿ ಎಳೆದು ಬಂದಿದ್ದಳು.

ಬಾಗಿಲು ಬಡಿದ ಸದ್ದಾಯಿತು. "ಬನ್ನಿ ಸರ್" ಎಂದು ತೆಗೆದ ಗಂಡನ ಎದುರಿಗೆ ನಿಂತಿದ್ದದ್ದು ಒಬ್ಬ ಹೆಂಗಸು. ಅವಳಿಗಿಂತ ಚಿಕ್ಕವಳು, ತೋಳಿಗೆ ಹೆಲ್ಮೆಟ್ ಸಿಕ್ಕಿಸಿಕೊಂಡವಳು, ಕಂಕುಳಲ್ಲಿ ಫೈಲು. ಗಂಡ ಸರ್ ಎಂಬುದನ್ನು ಅರ್ಧಕ್ಕೆ ನುಂಗಿ ಮೇಡಂ ಎಂದ. ಎಂಜಿನಿಯರ್ ಮೇಡಂಗೆ ಇದು ಹೊಸದೇನಲ್ಲ ಎಂದು ಕಾಣುತ್ತದೆ. "ಮೇಲೆ ಹೋಗೋಣ್ವಾ? ಇನ್ನೂ ಬೇರೆ ಕಡೆ ಹೋಗೋದಿದೆ" ಎಂದು ನೀರನ್ನೂ ಬೇಡವೆಂದು ಹಿತ್ತಿಲ ಮೆಟ್ಟಿಲಿನ ಕಡೆ ನಡೆದೇಬಿಟ್ಟರು. ಅತ್ತೆ ಅಡುಗೆಮನೆಯ ಹಿಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಇವರೇ ಮಾಲೀಕರಾ?" ಎಂದು ಮೇಡಂ ಕೇಳಿದಾಗ ಅತ್ತೆ ತಮ್ಮ ಹಿಂದೆ ಇನ್ನು ಯಾರಾದರೂ ಇದ್ದಾರೆಯೇ ಎಂಬಂತೆ ತಿರುಗಿ ನೋಡಿದರು. ಆ ಮೆಟ್ಟಿಲು ಬಟ್ಟೆ ಒಣಹಾಕುವವರಿಗೆಂದು ಮಾವ ಯಾವ ಕಾಲದಲ್ಲೋ ಕಟ್ಟಿಸಿದ್ದು. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುವಂತಿರಲಿಲ್ಲ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಕಾಂಪೌಂಡು. ಮೇಡಂ ಹತ್ತುತ್ತಲೇ ಎರಡೂ ಕೈ ಚಾಚಿ ಎರಡೂ ಗೋಡೆ ಮುಟ್ಟಿ ನೋಡಿದ್ದನ್ನು ಅವಳು ಹಿಂದಿನಿಂದ ಕಂಡಳು. ಮೆಚ್ಚಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ತಾರಸಿಯ ಮೇಲೆ ಬಿಸಿಲಿನಲ್ಲಿ ಕೋಣೆ ಹೊಳೆಯುತ್ತಿತ್ತು. ಅವಳಿಗೆ ಹೆಮ್ಮೆಯಿಂದ ಉಸಿರೇ ನಿಂತ ಹಾಗಾಯಿತು. ಮೇಡಂ ಬೂಟುಗಾಲಿನಲ್ಲಿ ನೇರವಾಗಿ ಗೋಡೆಯನ್ನು ತುಳಿದುಕೊಂಡು ಒಳಗೆ ಹೋದರು. "ಅಯ್ಯೋ!" ಎಂದಳು ಅವಳು, ತಡೆಯುವಷ್ಟರಲ್ಲಿ ಬಾಯಿಂದ ಬಿದ್ದಿತ್ತು. ಮೇಡಂ ನಿಂತರು. "ಏನಾಯ್ತು?" "ಏನಿಲ್ಲ ಮೇಡಂ... ಬಾಗಿಲು ಆ ಕಡೆ ಇದೆ." ಹೇಳಿದ ಮೇಲೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಗಂಡ ನೀರಿನ ಟ್ಯಾಂಕಿನ ಮುಚ್ಚಳವನ್ನು ಸರಿಮಾಡಲು ಹೋದ. ಮೇಡಂ ಈಗ ನೆಲ ನೋಡಿದರು, ಗೆರೆಯನ್ನು ಬೂಟಿನ ತುದಿಯಿಂದ ಕೆರೆದರು. "ಮಾರ್ಕಿಂಗ್ ಯಾರು ಮಾಡಿದ್ದು? ಮೇಸ್ತ್ರಿ ಬಂದಿದ್ನಾ?" "ಇಲ್ಲ ಮೇಡಂ." "ಅನುಮತಿ ಬರೋಕೆ ಮುಂಚೆ ಕೆಲಸ ಶುರು ಮಾಡಿದ್ರೆ ಅರ್ಜಿ ತಿರಸ್ಕಾರ ಆಗತ್ತೆ, ಗೊತ್ತಿದೆ ತಾನೆ? ಮಾರ್ಕಿಂಗ್ ಅಂದ್ರೆ ಕೆಲಸ ಶುರು ಅಂತಲೇ ಲೆಕ್ಕ." ಶಾಲೆಯ ತನಿಖೆಗೆ ಮೇಲಿನವರು ಬಂದಾಗ ಮಕ್ಕಳು ಗೊತ್ತಿದ್ದ ಉತ್ತರವನ್ನೂ ಮರೆತು ನಿಲ್ಲುತ್ತವಲ್ಲ, ಹಾಗೆ ನಿಂತಳು ಅವಳು. "ಮೇಸ್ತ್ರಿ ಅಲ್ಲ ಮೇಡಂ. ನಾನೇ. ಸುಮ್ನೆ... ಹೇಗಿರತ್ತೆ ಅಂತ." "ಹೇಗಿರತ್ತೆ ಅಂತ?" "ಕೂತು ನೋಡೋಕೆ." "ಕೂತು?" ಮೇಡಂ ಗಂಡನ ಕಡೆ ತಿರುಗಿದರು. "ನೀವೂ ಕೂರ್ತೀರಾ?" ಅವನು ಟ್ಯಾಂಕಿನ ಮುಚ್ಚಳ ಹಿಡಿದುಕೊಂಡೇ, "ದಿನಕ್ಕೊಂದ್ಸಲ" ಎಂದ, ಔಷಧಿಯ ದನಿಯಲ್ಲಿ.

ಮೇಡಂ ನಗಲಿಲ್ಲ, ಆದರೆ ತುಟಿ ಒಂದು ಕಡೆಗೆ ಸ್ವಲ್ಪ ಎಳೆದುಕೊಂಡಿತು. ಟೇಪು ತೆಗೆದು ಒಂದು ತುದಿಯನ್ನು ಅವಳ ಕೈಗೆ ಕೊಟ್ಟರು. ಅವಳು ಬೀದಿಯ ಕಡೆಯ ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಹಿಡಿದಳು. ಈಗ ಗೊತ್ತಾಗುತ್ತದೆ, ಈಗ ಗೊತ್ತಾಗುತ್ತದೆ ಎಂದು ಕಿವಿಯೊಳಗೆ ರಕ್ತ ಬಡಿಯುತ್ತಿತ್ತು. ತಪ್ಪು ಉತ್ತರ ಬರೆದು ಕೈಯಿಂದ ಮುಚ್ಚಿಕೊಳ್ಳುವ ಮಕ್ಕಳ ಕೈಯನ್ನು ಅವಳು ಎಷ್ಟು ಸಲ ಎತ್ತಿ ಸರಿಸಿಲ್ಲ. ಮೇಡಂ ನಕ್ಷೆ ನೋಡಿದರು, ಟೇಪು ನೋಡಿದರು. "ಪ್ಲ್ಯಾನಿಗಿಂತ ಇದು ದೊಡ್ಡದಿದೆಯಲ್ಲ. ಈ ಗೋಡೆ ಇಷ್ಟು ಆಚೆ ಬಂದಿದೆ." ಒಂದು ಗೇಣು ತೋರಿಸಿದರು. ಅವಳು ತಲೆ ಎತ್ತಲಿಲ್ಲ. ಗಂಡ ಈಗ ತನ್ನನ್ನು ನೋಡುತ್ತಿರಬೇಕು, ಮುಖ ಎಲ್ಲಿಡಲಿ? ಅಷ್ಟರಲ್ಲಿ ಮೇಡಂ ಇನ್ನೊಂದು ಬದಿ ಅಳೆದು, "ಈ ಕಡೆದೂ ಹಾಗೇ. ಇದೂ ಒಂದು ಗೇಣು ಆಚೆಗಿದೆ" ಎಂದರು. ಅವಳು ತಟ್ಟನೆ ತಲೆ ಎತ್ತಿದಳು. ಆ ಕಡೆಯ ಗೋಡೆಯನ್ನು ಅವಳು ಮುಟ್ಟಿರಲೇ ಇಲ್ಲ. ಪ್ರತಿ ಸಲ ಹಳೆಯ ಗೆರೆಯ ಗುರುತಿನ ಮೇಲೆಯೇ ಎಳೆದಿದ್ದಳು. ಅದು ಮಂಚದ ಕಡೆಯ ಗೋಡೆ. ಗಂಡ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಯೋಚನೆ ಮಾಡಿ ಹೇಳುತ್ತೇನೆ ಎನ್ನುವ ಮನುಷ್ಯ, ಅವಳಿಲ್ಲದಾಗ, ಯಾವಾಗಲೋ, ಅವಳ ಬ್ಯಾಗಿನಿಂದಲೇ ಸೀಮೆಸುಣ್ಣ ಕದ್ದು, ಮೊಣಕಾಲೂರಿ, ಗೋಡೆಯನ್ನು ಬೆರಳು ಬೆರಳಾಗಿ ಆಚೆಗೆ ತಳ್ಳಿದ್ದಾನೆ. ಅವಳಿಗೆ ಅಲ್ಲಿಯೇ, ಎಂಜಿನಿಯರ್ ಮುಂದೆಯೇ, ಕುಣಿದುಬಿಡಬೇಕು ಎನ್ನಿಸುವಷ್ಟು ಖುಷಿಯಾಯಿತು. ಮದುವೆಯಾದ ಮೇಲೆ ಅವನು ಅವಳಿಗೆ ಕೊಟ್ಟ ಯಾವ ಸೀರೆಯೂ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

"ಸೀಮೆಸುಣ್ಣದ ಮನೆ ಎಷ್ಟು ಬೇಕಾದ್ರೂ ಬೆಳೆಸ್ಕೊಳ್ಳಿ. ಇಟ್ಟಿಗೆದು ಪ್ಲ್ಯಾನಲ್ಲಿ ಇದ್ದಷ್ಟೇ" ಎಂದರು ಮೇಡಂ. "ಈಗ ಇದನ್ನ ಒರೆಸಿಬಿಡಿ. ನಾನು ಫೋಟೋ ತೆಗೀಬೇಕು. ಫೋಟೋದಲ್ಲಿ ಇದು ಕಂಡ್ರೆ ಮೇಲಿನವರು ನನ್ನ ಕೇಳ್ತಾರೆ." ಒರೆಸಬೇಕು. ಕೋಣೆ ಬರಬೇಕಾದರೆ ಕೋಣೆಯನ್ನು ಒರೆಸಬೇಕು. ಅವಳು ಬಕೆಟ್ಟು ತಂದಳು, ಬಟ್ಟೆ ತಂದಳು, ಮೊದಲು ಕಿಟಕಿ, ಆಮೇಲೆ ಗೋಡೆ. ಗಂಡ ಇಸ್ತ್ರಿಯ ಅಂಗಿಯಲ್ಲೇ ಬಗ್ಗಿ ಮಂಚದ ಕಡೆಯಿಂದ ಶುರುಮಾಡಿದ. ಒಂದು ಮೂಲೆಯಲ್ಲಿ ಇಬ್ಬರ ಒದ್ದೆ ಬಟ್ಟೆಗಳೂ ಎದುರಾದವು. "ಯಾವಾಗಿಂದ?" ಎಂದು ಅವಳು ಪಿಸುಗುಟ್ಟಿದಳು. "ನೀನು ಯಾವಾಗಿಂದ?" ಎಂದ ಅವನು. ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ನಗುತ್ತಿದ್ದೇನೆ, ನನ್ನ ಕೋಣೆ ನೀರಾಗಿ ಹರಿದು ಹೋಗುತ್ತಿದೆ ಮತ್ತು ನಾನು ನಗುತ್ತಿದ್ದೇನೆ ಎಂದು ಅವಳಿಗೆ ಆಶ್ಚರ್ಯವಾಯಿತು. ಮೇಡಂ ಅಷ್ಟರಲ್ಲಿ ಮತ್ತೆ ಮೆಟ್ಟಿಲಿನ ಹತ್ತಿರ ಹೋಗಿ, ಕೆಳಗೆ ಬಗ್ಗಿ ನೋಡಿ, ಫೈಲಿನಲ್ಲಿ ಏನೋ ಬರೆದು, ಅದರ ಕೆಳಗೆ ಗೆರೆ ಎಳೆದರು. ಆ ಗೆರೆ ಎಳೆದ ರೀತಿ ಅವಳಿಗೆ ಇಷ್ಟವಾಗಲಿಲ್ಲ. ತಾನೂ ಹಾಗೆಯೇ, ಮಕ್ಕಳ ತಪ್ಪುಗಳ ಕೆಳಗೆ, ಕೆಂಪು ಶಾಯಿಯಲ್ಲಿ, ಎಳೆಯುತ್ತಿದ್ದಳು.

"ಕೋಣೆಗೆ ನನ್ನ ತಕರಾರಿಲ್ಲ" ಎಂದರು ಮೇಡಂ. "ಈ ಮೆಟ್ಟಿಲು ಆಗಲ್ಲ. ಬಟ್ಟೆ ಒಣಹಾಕೋಕೆ ಸರಿ. ಮನುಷ್ಯರು ವಾಸ ಮಾಡೋ ಕೋಣೆಗೆ ಇಷ್ಟು ಇಕ್ಕಟ್ಟಿನ ಮೆಟ್ಟಿಲು ಕೊಟ್ರೆ, ಏನಾದ್ರೂ ಆದಾಗ ಓಡಿ ಇಳಿಯೋದು ಹೇಗೆ?" ಅಗಲ ಮಾಡಿಸ್ತೀವಿ ಎಂದ ಗಂಡ. "ಎಲ್ಲಿಗೆ ಅಗಲ ಮಾಡ್ತೀರಿ? ಮನೆಗೂ ಕಾಂಪೌಂಡಿಗೂ ನಡುವೆ ಖಾಲಿ ಬಿಡಲೇಬೇಕು. ಮುಂದೆಯೂ ಜಾಗ ಇಲ್ಲ. ಮೆಟ್ಟಿಲು ಮನೆ ಒಳಗಿಂದ್ಲೇ ಬರಬೇಕು." ನಕ್ಷೆಯನ್ನು ತಾರಸಿಯ ಕಟ್ಟೆಯ ಮೇಲೆ ಹರಡಿ, ಪೆನ್ನಿನ ಹಿಂಬದಿಯಿಂದ ತೋರಿಸಿದರು. ನಡುಮನೆಯಲ್ಲಿ ಹಾಕಿದರೆ ಅಡುಗೆಮನೆಯ ಬಾಗಿಲು ಮುಚ್ಚಿಹೋಗುತ್ತದೆ. ಅಡುಗೆಮನೆಯಲ್ಲಿ ಹಾಕಿದರೆ ಅಡುಗೆಮನೆಯೇ ಇರುವುದಿಲ್ಲ. ಉಳಿದದ್ದು ಒಂದೇ. "ಈ ಕೆಳಗಿನ ರೂಮು ಯಾರದು?" ಗಂಡ ಅವಳ ಕಡೆ ನೋಡಿದ. ಅವಳು ಒದ್ದೆ ಬಟ್ಟೆ ಹಿಂಡಿದಳು. "ಅಮ್ಮಂದು" ಎಂದ ಅವನು. "ಅದರಲ್ಲಿ ಬರತ್ತೆ. ಆದ್ರೆ ಮಿಕ್ಕ ಜಾಗದಲ್ಲಿ ಮಂಚ ಹಿಡಿಸಲ್ಲ. ಸಾಮಾನು ಇಟ್ಕೋಬಹುದು, ಅಷ್ಟೆ. ಮಾಲೀಕರು ಒಪ್ಪಿದ್ರೆ ಈಗ್ಲೇ 'ಒಳಮೆಟ್ಟಿಲಿನ ಬದಲಾವಣೆಯೊಂದಿಗೆ' ಅಂತ ಬರೆದು ಕಳಿಸ್ತೀನಿ. ಒಪ್ಪದೇ ಇದ್ರೆ ಫೈಲು ವಾಪಸ್, ಮತ್ತೆ ಮೊದಲಿಂದ." ಗಂಡ ಬಾಯಿ ತೆರೆಯುವ ಮೊದಲೇ ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. "ಯೋಚನೆ ಮಾಡಿ ಹೇಳ್ತೀವಿ ಮೇಡಂ."

ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅತ್ತೆಯ ಕೋಣೆ ಕಣ್ಣ ಮುಂದೆ ಬಂತು. ನೋವಿನ ಎಣ್ಣೆಯ ವಾಸನೆ, ಕಿಟಕಿಯಲ್ಲಿ ಕನ್ನಡಕದ ಡಬ್ಬಿ, ಮಂಚದ ಕೆಳಗೆ ಮಾವನ ಹಳೆಯ ಬೂಟುಗಳು, ಇವತ್ತಿಗೂ ವಾರಕ್ಕೊಮ್ಮೆ ಒರೆಸಿಡುವ ಬೂಟುಗಳು. ಅದನ್ನೆಲ್ಲ ತೆಗೆದು ಅಲ್ಲಿ ಮೆಟ್ಟಿಲು. ತಾನು ಆ ಮೆಟ್ಟಿಲನ್ನು ಹತ್ತಿ ಮೇಲೆ ಹೋಗುವುದು, ಅತ್ತೆ ಪರದೆಯ ಹಿಂದೆ ಮಲಗುವುದು. ಛೆ, ಎಂದುಕೊಂಡಳು. ಛೆ ಎಂದುಕೊಳ್ಳುತ್ತಲೇ ಮೆಟ್ಟಿಲು ಎಲ್ಲಿಂದ ಎಲ್ಲಿಗೆ ತಿರುಗುತ್ತದೆ, ಮೇಲೆ ಯಾವ ಮೂಲೆಯಲ್ಲಿ ಬಂದು ಸೇರುತ್ತದೆ, ಬಾಗಿಲು ಆ ಕಡೆಗೆ ಹೋದರೆ ಮಂಚವನ್ನು ಎಲ್ಲಿಡಬೇಕು ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಅದಕ್ಕೆ ಹೇಳಿಕೊಟ್ಟವರು ಯಾರು? ನಿಲ್ಲು ಎಂದರೂ ಅದು ನಿಲ್ಲುತ್ತಿರಲಿಲ್ಲ.

ಮೆಟ್ಟಿಲಿನ ಕಡೆಯಿಂದ ಏದುಸಿರು ಕೇಳಿಸಿತು. ಮೊದಲು ಒಂದು ಕೈ ಕಂಡಿತು, ಆಮೇಲೆ ತಲೆ. ಅತ್ತೆ ಒಂದೊಂದು ಮೆಟ್ಟಿಲಿನ ಮೇಲೂ ಕೂತು, ಎದ್ದು, ಮತ್ತೆ ಕೂತು, ಹಿಮ್ಮುಖವಾಗಿ ಹತ್ತಿ ಬಂದಿದ್ದರು. ಗಂಡ "ಅಮ್ಮಾ!" ಎಂದು ಓಡಿದ. "ಬಿಡೋ, ಬಂದಾಯ್ತಲ್ಲ" ಎಂದರು ಅತ್ತೆ. "ಕೆಳಗೆ ಎಲ್ಲಾ ಕೇಳಿಸ್ತಾ ಇತ್ತು. ಮಾತೆಲ್ಲ ನನ್ನ ರೂಮಿಂದು, ಇಲ್ಲಿ ನಾನೇ ಇಲ್ಲ." ಸೊಂಟಕ್ಕೆ ಕೈಯಿಟ್ಟು ಸುತ್ತಲೂ ನೋಡಿದರು. ಎಷ್ಟು ಕಾಲವಾಗಿತ್ತೋ ಅವರು ಇಲ್ಲಿಗೆ ಬಂದು. ಒದ್ದೆಯ ಪಟ್ಟೆಗಳು ಬಿಸಿಲಿಗೆ ಆಗಲೇ ಒಣಗುತ್ತಿದ್ದವು. "ಎಲ್ಲಿ ನಿಮ್ಮ ಕೋಣೆ? ದಿನಾ ಬಂದು ಕೂರ್ತೀರಲ್ಲ, ಎಲ್ಲಿ?" ಅತ್ತೆಗೆ ಗೊತ್ತಿತ್ತು ಹಾಗಾದರೆ. ಅವಳು ಕೈ ಚಾಚಿ ತೋರಿಸಿದಳು, ಇಲ್ಲಿಂದ ಅಲ್ಲಿಗೆ. "ಬಾಗಿಲು?" "ಇಲ್ಲಿ, ಅತ್ತೆ." ಅತ್ತೆ ಅಲ್ಲಿಗೆ ನಡೆದು ಬಂದು, ಏನೂ ಇಲ್ಲದ ಜಾಗದಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋದರು. ಒಂದು ಸುತ್ತು ತಿರುಗಿದರು. ಮೇಡಂ ಫೋಟೋ ತೆಗೆಯಲು ಎತ್ತಿದ ಫೋನನ್ನು ಕೆಳಗಿಳಿಸಿದರು.

"ಚಿಲಕ ಒಳಗಡೆಗೆ ತಾನೆ?" ಎಂದರು ಅತ್ತೆ. ಅವಳು ತಲೆಯಾಡಿಸಿದಳು. "ನಾನು ಮದುವೆಯಾಗಿ ಬಂದಾಗ ಕೆಳಗಿನ ರೂಮಲ್ಲಿ ನನ್ನ ಅತ್ತೆ ಇದ್ರು. ನಾವೂ ಆ ನಡುಮನೇಲೇ. ಪರದೆಯೂ ಇರ್ಲಿಲ್ಲ, ಎರಡು ಟ್ರಂಕು ಅಡ್ಡ ಇಟ್ಕೊಂಡಿದ್ವಿ. ನಿಮ್ಮ ಮಾವ ಹಾಸಿಗೆ ಹಿಡಿದ ಮೇಲೆ ರೂಮು ನಮಗೆ ಬಂತು. ಬಾಗಿಲು ಸಿಕ್ಕಿತು, ಆದ್ರೆ ಮುಚ್ಕೊಂಡು ಏನು ಮಾಡೋದು? ಔಷಧಿ ಕುಡಿಸೋಕೆ ಬಾಗಿಲು ಯಾಕೆ?" ಹೇಳಿ ಮಗನ ಮುಖ ನೋಡಿದರು. ಅವನು ಕಣ್ಣು ತಗ್ಗಿಸಿದ. "ಬರ್ಕೊಳ್ಳಮ್ಮ ನೀನು" ಎಂದರು ಮೇಡಂ ಕಡೆ ತಿರುಗಿ. "ಮೆಟ್ಟಿಲು ನನ್ನ ರೂಮಲ್ಲೇ ಬರಲಿ. ಆದ್ರೆ ನನ್ನ ಮಂಚ ನಡುಮನೇಲಿ ಟಿವಿ ಎದುರಿಗೇ ಇರಬೇಕು. ಪಕ್ಕಕ್ಕಲ್ಲ, ಎದುರಿಗೆ. ಅದನ್ನೂ ಬರ್ಕೋ." "ಅದನ್ನ ಬರೆಯೋಕಾಗಲ್ಲ ಅಮ್ಮ" ಎಂದರು ಮೇಡಂ. ಅವರ ದನಿ ಮೊದಲಿನ ಹಾಗಿರಲಿಲ್ಲ. ಫೈಲು ಚಾಚಿದರು. ಅತ್ತೆ ಕನ್ನಡಕವಿಲ್ಲದೆ, ಕಟ್ಟೆಗೆ ಒರಗಿ, ಹೆಸರಿನ ಒಂದೊಂದೇ ಅಕ್ಷರ ಬರೆದರು.

ಈಗ ಹೇಳಬೇಕಾದ ಮಾತು ಅವಳಿಗೆ ಗೊತ್ತಿತ್ತು. ಬೇಡ ಅತ್ತೆ, ಆ ಕೋಣೆ ನಿಮ್ಮದೇ ಇರಲಿ, ನಮಗೆ ಹೀಗೇ ಅಭ್ಯಾಸವಾಗಿದೆ. ಇಷ್ಟೇ ಮಾತು. ಗಂಡನೂ ಅದಕ್ಕೇ ಕಾಯುತ್ತಿದ್ದ. ಅವಳು ಹೇಳಿದರೆ ಅವನೂ ಹೌದಮ್ಮಾ ಎನ್ನುತ್ತಾನೆ, ಮೇಡಂ ಗೆರೆ ಹೊಡೆದು ಹಾಕುತ್ತಾರೆ, ಎಲ್ಲರೂ ಒಳ್ಳೆಯವರಾಗಿ ಕೆಳಗೆ ಇಳಿದು ಚಹಾ ಕುಡಿಯಬಹುದು. ಜ್ವರದಲ್ಲಿ ಕೂದಲು ಬಿಡಿಸಿದ ಬೆರಳುಗಳು ಪೆನ್ನಿನ ಮುಚ್ಚಳ ಹಾಕಲು ತಡಕಾಡುತ್ತಿದ್ದವು. ಅವಳು ಬಾಯಿ ತೆರೆದಳು. ಎದೆ ಬೆಳಗಿನಿಂದ ಬಡಿದುಕೊಂಡದ್ದು ಏನೂ ಅಲ್ಲ ಎನ್ನುವ ಹಾಗೆ ಬಡಿದುಕೊಳ್ಳುತ್ತಿತ್ತು. "ಹಾಗಾದ್ರೆ ಮೇಡಂ," ಎಂದಳು, ದನಿ ತನಗೇ ಗುರುತು ಸಿಗದಷ್ಟು ಮೇಲೇರಿತ್ತು, "ಕೆಲಸ ಯಾವತ್ತು ಶುರು ಮಾಡಬಹುದು?"

ಗಂಡ ಅವಳನ್ನು ನೋಡಿದ. ಮೇಡಂ ಏನೋ ಹೇಳಿದರು, ಹದಿನೈದು ದಿನವೋ, ತಿಂಗಳೋ, ಅವಳಿಗೆ ಕಿವಿಯ ಮೇಲೆ ಬಿದ್ದರೂ ಒಳಗೆ ಇಳಿಯಲಿಲ್ಲ. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಅವಳ ತೋಳು ಹಿಡಿದರು. ಕೈ ಭಾರವಾಗಿತ್ತು. "ಕೇಳಿದ್ದು ಒಳ್ಳೇದಾಯ್ತು" ಎಂದರು. "ನಿನ್ನ ವಯಸ್ಸಲ್ಲಿ ನನಗೆ ಬಾಯೇ ಬರಲಿಲ್ಲ." ಅದು ಹೊಗಳಿಕೆಯೋ ಮೊಟಕಿದ್ದೋ ಎಂದು ತಿಳಿಯುವ ಮೊದಲೇ ಅತ್ತೆ ಮೆಟ್ಟಿಲಿಗೆ ಕಾಲು ಇಳಿಬಿಟ್ಟಿದ್ದರು. ಇಕ್ಕಟ್ಟಿನಲ್ಲಿ ಪಕ್ಕಪಕ್ಕ ಇಳಿಯುವಂತಿರಲಿಲ್ಲ. ಅತ್ತೆ ಮುಂದೆ, ಅವರ ಎರಡೂ ಭುಜ ಹಿಡಿದು ಅವಳು ಹಿಂದೆ. ಅವಳಿಗೆ ನಾಚಿಕೆಯಿತ್ತು, ಅದು ನಿಜ, ಕಣ್ಣಿನಲ್ಲಿ ನೀರೂ ಇತ್ತು. ಆದರೆ ಮುಖದ ಮೇಲೆ ನಗು ಹರಡಿಕೊಳ್ಳುತ್ತಲೇ ಇತ್ತು, ಎಷ್ಟು ಬಿಗಿದರೂ ತುಟಿ ಮುಚ್ಚುತ್ತಿರಲಿಲ್ಲ. ಸದ್ಯ, ಅತ್ತೆ ತಿರುಗಿ ನೋಡುವಂತಿರಲಿಲ್ಲ.